ಆಫೀಸಿನ ಕಾಂಟ್ಯಾಕ್ಟ್ ಡೇಟಾಬೇಸನ್ನು ಹಳೇ ಸರ್ವರ್‌ನಿಂದ ಹೊಸದಕ್ಕೆ ಸಾಗಿಸುವುದು ಹೇಗೆ

ಸಣ್ಣ ಆಫೀಸುಗಳಲ್ಲಿ ಸರ್ವರ್ ಅಂದರೆ ಹೆಚ್ಚಾಗಿ ಮೂಲೆಯಲ್ಲಿ ಸದಾ ಆನ್ ಇರುವ ಒಂದು ಹಳೇ ಡೆಸ್ಕ್‌ಟಾಪ್. ಅದರಲ್ಲಿ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್. ಅದರೊಳಗೆ ಎಲ್ಲರೂ ಸೇರಿ ಬಳಸುವ ಕಾಂಟ್ಯಾಕ್ಟ್ ಡೇಟಾಬೇಸ್: ಪಾರ್ಟಿ ಹೆಸರು, ಊರು, ಮೊಬೈಲ್, ಜಿಎಸ್‌ಟಿ ನಂಬರ್, ಯಾರಿಗೆ ಕೊಟೇಶನ್ ಹೋಗಿದೆ, ಯಾರು ವಾಪಸ್ ಫೋನ್ ಮಾಡಿಲ್ಲ. ಒಂದು ದಿನ ಹಾರ್ಡ್‌ಡಿಸ್ಕ್ ಸದ್ದು ಮಾಡಲು ಶುರು ಮಾಡುತ್ತದೆ, ಇಲ್ಲವೇ ಸಾಫ್ಟ್‌ವೇರ್‌ನವರು 'ಇದು ತುಂಬಾ ಹಳೇ ವರ್ಷನ್, ನಾವು ಸಪೋರ್ಟ್ ಕೊಡಲ್ಲ' ಅನ್ನುತ್ತಾರೆ. ಹೊಸ ಮಷೀನ್ ಬರುತ್ತದೆ. 'ಎಲ್ಲಾ ಅದಕ್ಕೆ ಹಾಕಿಬಿಡಿ, ಸೋಮವಾರ ಬೆಳಿಗ್ಗೆ ಕೆಲಸ ನಡೀಬೇಕು' ಅಂತ ಓನರ್ ಹೇಳಿ ಹೋಗುತ್ತಾರೆ.

ಡೇಟಾ ಸಾಗಿಸುವುದು ಈ ಇಡೀ ಕೆಲಸದಲ್ಲಿ ಅತಿ ಸುಲಭದ ಭಾಗ. ಕಾಂಟ್ಯಾಕ್ಟ್ ಡೇಟಾಬೇಸ್ ಎಷ್ಟೇ ದೊಡ್ಡದಾದರೂ ಬ್ಯಾಕಪ್ ತೆಗೆದು ರಿಸ್ಟೋರ್ ಮಾಡಲು ಜಾಸ್ತಿ ಹೊತ್ತು ಬೇಡ. ಕೈಕೊಡುವುದು ಅದರ ಸುತ್ತ ಇರುವ ಸಂಗತಿಗಳು. ಲಾಗಿನ್, ಪೋರ್ಟ್, ಫೈರ್‌ವಾಲ್, ಯಾವುದೋ ಎಕ್ಸೆಲ್ ಶೀಟಿನ ಹೊಟ್ಟೆಯೊಳಗೆ ಕೂತಿರುವ ಹಳೇ ಸರ್ವರ್ ಹೆಸರು. ಆದ್ದರಿಂದ ನಿಮ್ಮ ಸಮಯದ ಮುಕ್ಕಾಲು ಪಾಲನ್ನು ಅಲ್ಲೇ ಹಾಕಿ.

ಇಲ್ಲಿ ಹೇಳುವುದೆಲ್ಲ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್‌ಗೆ. ಬಹಳಷ್ಟು ಸಣ್ಣ ಆಫೀಸುಗಳಲ್ಲಿ ಇರುವುದು ಅದೇ. ಜೊತೆಗೆ ಅದರ ಒಳಗೆ ನೋಡಿ ಕೆಲಸ ಮಾಡಲು ಮ್ಯಾನೇಜ್‌ಮೆಂಟ್ ಸ್ಟುಡಿಯೋ ಬೇಕು. ಅದು ಬೇರೆ ಡೌನ್‌ಲೋಡ್, ದುಡ್ಡು ಕೊಡಬೇಕಿಲ್ಲ.

ಯಾರ್ಯಾರು ಕನೆಕ್ಟ್ ಆಗ್ತಾರೆ, ಮೊದಲು ಅದನ್ನು ನೋಡಿ

ಸಾಗಿಸುವ ದಿನಕ್ಕಿಂತ ಒಂದೆರಡು ವಾರ ಮೊದಲೇ ಈ ಕೆಲಸ ಶುರು ಮಾಡಿ. ಆಫೀಸಿನಲ್ಲಿ ಕೇಳಿದರೆ 'ನಾವು ನಾಲ್ಕು ಜನ ಬಳಸ್ತೀವಿ ಅಷ್ಟೇ' ಅನ್ನುತ್ತಾರೆ. ನಂಬಬೇಡಿ. ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲಿ ಸರ್ವರ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಆಕ್ಟಿವಿಟಿ ಮಾನಿಟರ್ ತೆರೆಯಿರಿ. ಪ್ರಾಸೆಸಸ್ ಅನ್ನುವ ಭಾಗದಲ್ಲಿ ಯಾವ ಕಂಪ್ಯೂಟರ್‌ನಿಂದ, ಯಾವ ಲಾಗಿನ್‌ನಲ್ಲಿ, ಯಾವ ಪ್ರೋಗ್ರಾಂ ಒಳಗೆ ಬಂದಿದೆ ಅಂತ ಕಾಣುತ್ತದೆ. ದಿನದ ಬೇರೆ ಬೇರೆ ಹೊತ್ತಿನಲ್ಲಿ ನೋಡಿ, ಬರೆದಿಟ್ಟುಕೊಳ್ಳಿ. ತಿಂಗಳ ಕೊನೆ ಮತ್ತು ಜಿಎಸ್‌ಟಿ ರಿಟರ್ನ್ ದಿನಗಳನ್ನೂ ಸೇರಿಸಿಕೊಳ್ಳಿ. ತಿಂಗಳಿಗೊಮ್ಮೆ ಮಾತ್ರ ಓಡುವ ರಿಪೋರ್ಟ್ ಒಂದು ಎಲ್ಲ ಕಡೆಯೂ ಇರುತ್ತದೆ, ಅದೇ ಕೊನೆಗೆ ತಲೆನೋವು ಕೊಡುವುದು.

ಈ ಪಟ್ಟಿಯಲ್ಲಿ ಏನೇನು ಸಿಗುತ್ತದೆ ಅಂದರೆ: ಸೇಲ್ಸ್‌ನವರ ಕಾಂಟ್ಯಾಕ್ಟ್ ಸಾಫ್ಟ್‌ವೇರ್ ಒಂದು, ಅದು ಎಲ್ಲರಿಗೂ ಗೊತ್ತಿರುವುದು. ಅಕೌಂಟ್ಸ್‌ನವರ ಎಕ್ಸೆಲ್ ಫೈಲ್, ಬಾಕಿ ಪಟ್ಟಿಗೆ ಫೋನ್ ನಂಬರನ್ನು ನೇರವಾಗಿ ಡೇಟಾಬೇಸ್‌ನಿಂದ ಎಳೆಯುವುದು. ದೀಪಾವಳಿ ಗ್ರೀಟಿಂಗ್‌ಗೆ ಅಡ್ರೆಸ್ ಲೇಬಲ್ ಹಾಕುವ ವರ್ಡ್ ಮೇಲ್ ಮರ್ಜ್. ಯಾವಾಗಲೋ ಯಾರೋ ಮಾಡಿಕೊಟ್ಟು ಹೋದ ಆಕ್ಸೆಸ್ ಫಾರ್ಮ್. ಎಸ್‌ಎಂಎಸ್ ಕಳಿಸುವ ಒಂದು ಸಣ್ಣ ಪ್ರೋಗ್ರಾಂ. ಪ್ರತಿಯೊಂದರ ಎದುರು ಮೂರು ಸಂಗತಿ ಬರೆಯಿರಿ: ಯಾವ ಕಂಪ್ಯೂಟರ್, ಯಾವ ಲಾಗಿನ್, ಸರ್ವರ್ ಹೆಸರು ಎಲ್ಲಿ ಬರೆದಿದೆ. ಮೂರನೆಯದಕ್ಕೆ ಉತ್ತರ ಸಿಗುವವರೆಗೆ ಮುಂದೆ ಹೋಗಬೇಡಿ.

ಒಡಿಬಿಸಿ (ಪ್ರೋಗ್ರಾಂಗಳು ಡೇಟಾಬೇಸ್ ತಲುಪಲು ವಿಂಡೋಸ್‌ನಲ್ಲಿರುವ ಒಂದು ದಾರಿ) ಮೂಲಕ ಕನೆಕ್ಟ್ ಆಗುವುದಿದ್ದರೆ ಒಂದು ವಿಚಿತ್ರ ಗೊತ್ತಿರಲಿ. ವಿಂಡೋಸ್‌ನಲ್ಲಿ 32 ಬಿಟ್‌ಗೆ ಒಂದು, 64 ಬಿಟ್‌ಗೆ ಒಂದು, ಹೀಗೆ ಎರಡು ಒಡಿಬಿಸಿ ಅಡ್ಮಿನಿಸ್ಟ್ರೇಟರ್ ಇವೆ. ಒಂದರಲ್ಲಿ ಹಾಕಿದ ಸಿಸ್ಟಮ್ ಡಿಎಸ್‌ಎನ್, ಅಂದರೆ ಸರ್ವರ್ ಹೆಸರು ಬರೆದಿಟ್ಟ ಕನೆಕ್ಷನ್, ಇನ್ನೊಂದಕ್ಕೆ ಸಿಗುವುದಿಲ್ಲ. 32 ಬಿಟ್‌ನದು ಇರುವುದು ಸಿಸ್‌ವೌ 64 ಅನ್ನುವ ಫೋಲ್ಡರ್‌ನಲ್ಲಿ, 64 ಬಿಟ್‌ನದು ಸಿಸ್ಟಮ್ 32 ಫೋಲ್ಡರ್‌ನಲ್ಲಿ. ಹೌದು, ಉಲ್ಟಾ. ಯಾಕೆ ಅಂತ ಕೇಳಬೇಡಿ, ಎರಡನ್ನೂ ತೆರೆದು ನೋಡಿ.

ಕನ್ನಡ ಹೆಸರುಗಳನ್ನು ಈಗಲೇ ತೆಗೆದು ನೋಡಿ

ಸಾಗಿಸಿದ ಮೇಲೆ ಯಾರಾದರೂ ಬಂದು 'ಕನ್ನಡ ಹೆಸರೆಲ್ಲ ಪ್ರಶ್ನೆ ಚಿಹ್ನೆ ಆಗಿಬಿಟ್ಟಿದೆ, ನೀವು ಹಾಳು ಮಾಡಿದ್ರಿ' ಅಂದರೆ ಉತ್ತರ ಬೇಕಲ್ವಾ? ಹಳೇ ಸರ್ವರ್‌ನಲ್ಲಿರುವಾಗಲೇ ಕನ್ನಡ ಇರುವ ಕಾಲಂಗಳನ್ನು ತೆರೆದು ನೋಡಿ. ಕಾಲಂ ಎನ್‌ವಾರ್‌ಚಾರ್ (ಯೂನಿಕೋಡ್ ಅಕ್ಷರ ಇಡುವ ಬಗೆ) ಆಗಿದ್ದರೆ ಕನ್ನಡ ಸರಿಯಾಗಿ ಕೂರುತ್ತದೆ. ಬರೀ ವಾರ್‌ಚಾರ್ ಆಗಿದ್ದರೆ, ಅದರ ಕೋಡ್ ಪೇಜ್‌ನಲ್ಲಿ, ಅಂದರೆ ಅದು ಗುರುತಿಸುವ ಅಕ್ಷರಗಳ ಪಟ್ಟಿಯಲ್ಲಿ, ಕನ್ನಡ ಇಲ್ಲದಿದ್ದರೆ, ಟೈಪ್ ಮಾಡಿ ಸೇವ್ ಕೊಟ್ಟ ಕ್ಷಣವೇ ಒಂದೊಂದು ಅಕ್ಷರವೂ ಪ್ರಶ್ನೆ ಚಿಹ್ನೆ ಆಗಿರುತ್ತದೆ. ಅದು ನಿಜವಾಗಿ ಪ್ರಶ್ನೆ ಚಿಹ್ನೆಯಾಗಿಯೇ ಸೇವ್ ಆಗಿದೆ, ಫಾಂಟ್ ತೊಂದರೆಯಲ್ಲ. ಯಾವ ಸರ್ವರ್‌ಗೆ ಹಾಕಿದರೂ ವಾಪಸ್ ಬರುವುದಿಲ್ಲ.

ಎನ್‌ವಾರ್‌ಚಾರ್ ಇದ್ದರೂ ಉದ್ದ ನೋಡಿ. 'ಶ್ರೀ' ಅನ್ನುವುದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಡೇಟಾಬೇಸ್‌ಗೆ ಅದು ನಾಲ್ಕು: ಶ, ವಿರಾಮ, ರ, ಈಕಾರದ ಗುರುತು. 'ಕ್ಷ' ಮೂರು. ಇಂಗ್ಲಿಷ್ ಹೆಸರಿಗೆ ಧಾರಾಳವಾಗಿ ಸಾಕಾಗುವ 30ರ ಕಾಲಂನಲ್ಲಿ 'ಶ್ರೀ ಲಕ್ಷ್ಮೀವೆಂಕಟೇಶ್ವರ ಟ್ರೇಡರ್ಸ್' ಹಿಡಿಸುವುದಿಲ್ಲ. ಅಗಲ ಮಾಡಬೇಕಿದ್ದರೆ ಬೇರೆ ದಿನ ಮಾಡಿ, ಸಾಗಿಸುವ ದಿನವೇ ಅಲ್ಲ.

ಇನ್ನೊಂದು ನಮ್ಮ ಕರ್ನಾಟಕದ್ದೇ ಸಮಸ್ಯೆ. ಹಳೇ ಆಫೀಸುಗಳಲ್ಲಿ ಯೂನಿಕೋಡ್ ಬರುವ ಮುಂಚೆ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರು, ವಿಳಾಸ ಇರುತ್ತವೆ. ಡೇಟಾಬೇಸ್ ಪಾಲಿಗೆ ಅವು ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ತಲೆ ಮೇಲೆ ಗುರುತು ಹೊತ್ತ ಯುರೋಪಿಯನ್ ಅಕ್ಷರಗಳ ಸಾಲು. ಆ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಕನ್ನಡ ಕಾಣುತ್ತದೆ, ಇಲ್ಲದ ಕಡೆ ಕಸದ ರಾಶಿ. ರಿಸ್ಟೋರ್ ಇದನ್ನು ಮುಟ್ಟುವುದಿಲ್ಲ, ಇದ್ದ ಹಾಗೇ ತರುತ್ತದೆ. ಹೊಸ ಕಂಪ್ಯೂಟರ್‌ಗಳಲ್ಲಿ ಆ ಫಾಂಟ್ ಹಾಕಬೇಕು ಅಷ್ಟೇ. ಇಂಥ ಡೇಟಾದಲ್ಲಿ ಸರ್ಚ್ ಅಷ್ಟಕ್ಕಷ್ಟೇ. ನುಡಿಯಲ್ಲಿ ದೊಡ್ಡ ಜಿ ಒಂದು ಕನ್ನಡ ಅಕ್ಷರ, ಸಣ್ಣ ಜಿ ಇನ್ನೊಂದು. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಸರ್ವರ್‌ಗೆ ಎರಡೂ ಒಂದೇ. ಯೂನಿಕೋಡ್‌ಗೆ ಬದಲಿಸುವುದು ಒಳ್ಳೆಯದೇ, ಆದರೆ ಅದೂ ಬೇರೆ ದಿನದ ಕೆಲಸ. ಒಂದೇ ದಿನ ಎರಡು ಬದಲಾವಣೆ ಮಾಡಿದರೆ ತಪ್ಪಾದದ್ದು ಯಾವುದರಿಂದ ಅಂತ ಹೇಳೋಕೇ ಆಗುವುದಿಲ್ಲ.

ಹೊಸ ಮಷೀನ್ ತಯಾರಿ

ಕಂಪ್ಯೂಟರ್‌ಗೆ ಹೆಸರು ಇಡುವುದನ್ನು ಎಸ್‌ಕ್ಯೂಎಲ್ ಹಾಕುವ ಮೊದಲೇ ಮುಗಿಸಿ. ಆಮೇಲೆ ಬದಲಿಸಿದರೆ ಎಸ್‌ಕ್ಯೂಎಲ್ ಒಳಗೆ ಹಳೇ ಹೆಸರೇ ಉಳಿದು, ಅದನ್ನು ಬೇರೆ ಕಮಾಂಡ್ ಕೊಟ್ಟು ಸರಿಮಾಡಬೇಕಾಗುತ್ತದೆ. ಐಪಿ ವಿಳಾಸ ಬದಲಾಗದಂತೆ ರೂಟರ್‌ನಲ್ಲೇ ಕಾಯ್ದಿರಿಸಿ. ಸ್ಲೀಪ್ ಮೋಡ್ ತೆಗೆದುಹಾಕಿ, ಊಟಕ್ಕೆ ಹೋಗಿ ಬರುವಷ್ಟರಲ್ಲಿ ಸರ್ವರ್ ಮಲಗಿರಬಾರದು. ಯುಪಿಎಸ್ ಬ್ಯಾಟರಿ ನಿಜವಾಗಲೂ ತಡೆಯುತ್ತದಾ ಅಂತ ಪ್ಲಗ್ ಕಿತ್ತು ನೋಡಿ.

ವರ್ಷನ್ ಬಗ್ಗೆ ಒಂದೇ ನಿಯಮ: ಹಳೇ ವರ್ಷನ್ನಿನ ಬ್ಯಾಕಪ್ ಹೊಸದರಲ್ಲಿ ಕೂರುತ್ತದೆ, ಹೊಸದರ ಬ್ಯಾಕಪ್ ಹಳೆಯದರಲ್ಲಿ ಕೂರುವುದಿಲ್ಲ. ಅಂದರೆ 2022ರ ವರ್ಷನ್ನಿನಲ್ಲಿ ಒಮ್ಮೆ ಕೆಲಸ ಶುರುವಾದರೆ 2016ರ ವರ್ಷನ್ನಿಗೆ ಬ್ಯಾಕಪ್ ಮೂಲಕ ವಾಪಸ್ ಹೋಗುವ ದಾರಿ ಇಲ್ಲ. 2014ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2024ರ ಜುಲೈಗೆ ಮುಗಿದಿದೆ, 2016ಕ್ಕೆ ಕೊನೇ ದಿನ 2026ರ ಜುಲೈ 14. ಆದ್ದರಿಂದ ಹೊಸ ಮಷೀನ್‌ಗೆ ಹಳೇ ವರ್ಷನ್ನೇ ಹಾಕುವುದರಲ್ಲಿ ಅರ್ಥವಿಲ್ಲ. ಆದರೆ ನಿಮ್ಮ ಸಾಫ್ಟ್‌ವೇರ್‌ನವರನ್ನು ಒಂದು ಮಾತು ಕೇಳಿಕೊಳ್ಳಿ. ಎಕ್ಸ್‌ಪ್ರೆಸ್‌ನಲ್ಲಿ ಒಂದು ಡೇಟಾಬೇಸ್‌ಗೆ 10 ಜಿಬಿ ಮಿತಿ ಇದೆ, 2025ರ ವರ್ಷನ್ನಿನಲ್ಲಿ ಅದನ್ನು 50 ಜಿಬಿ ಮಾಡಿದ್ದಾರೆ. ಬರೀ ಹೆಸರು, ನಂಬರ್ ಇದ್ದರೆ ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ವಿಸಿಟಿಂಗ್ ಕಾರ್ಡ್ ಸ್ಕ್ಯಾನ್, ಕೊಟೇಶನ್ ಪಿಡಿಎಫ್ ಎಲ್ಲ ಡೇಟಾಬೇಸ್ ಒಳಗೇ ತುಂಬಿದ್ದರೆ ಮಾತ್ರ ನೋಡಿಕೊಳ್ಳಿ.

ಇನ್‌ಸ್ಟಾಲ್ ಮಾಡುವಾಗ ಎರಡು ಕಡೆ ಸುಮ್ನೆ ನೆಕ್ಸ್ಟ್ ಒತ್ತಬೇಡಿ. ಒಂದು ಕೊಲೇಷನ್, ಅಂದರೆ ಅಕ್ಷರಗಳನ್ನು ಹೋಲಿಸುವ, ಅನುಕ್ರಮದಲ್ಲಿ ಜೋಡಿಸುವ ನಿಯಮ. ಹಳೇ ಸರ್ವರ್‌ನ ಪ್ರಾಪರ್ಟೀಸ್‌ನಲ್ಲಿ ಏನಿದೆಯೋ ಅದನ್ನೇ ಅಕ್ಷರಶಃ ಕೊಡಿ. ಸೆಟಪ್ ತಾನಾಗಿ ಆರಿಸುವ ಕೊಲೇಷನ್ ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗ್ ನೋಡಿ ಬರುತ್ತದೆ. ಅಮೆರಿಕನ್ ಇಂಗ್ಲಿಷ್ ಇದ್ದರೆ ಒಂದು, ಬೇರೆ ಇದ್ದರೆ ಇನ್ನೊಂದು. ಡೇಟಾಬೇಸ್ ತನ್ನ ಹಳೇ ಕೊಲೇಷನ್ ಹೊತ್ತು ಬರುತ್ತದೆ, ತಾತ್ಕಾಲಿಕ ಟೇಬಲ್‌ಗಳು ಮಾತ್ರ ಹೊಸ ಸರ್ವರ್‌ನದನ್ನು ತೆಗೆದುಕೊಳ್ಳುತ್ತವೆ. ಎರಡೂ ಬೇರೆಯಾದರೆ ಎಲ್ಲ ಸರಿ ಇದ್ದಂತೆ ಕಂಡು, ಯಾವುದೋ ಒಂದು ರಿಪೋರ್ಟ್ ಒತ್ತಿದಾಗ ಮಾತ್ರ ಕೊಲೇಷನ್ ಕಾನ್‌ಫ್ಲಿಕ್ಟ್ ಅಂತ ಎರರ್ ಬರುತ್ತದೆ. ಎರಡನೆಯದು ಮಿಕ್ಸೆಡ್ ಮೋಡ್. ನಿಮ್ಮ ಸಾಫ್ಟ್‌ವೇರ್ ಎಸ್‌ಕ್ಯೂಎಲ್‌ನದೇ ಯೂಸರ್ ನೇಮ್, ಪಾಸ್‌ವರ್ಡ್ ಬಳಸುತ್ತಿದ್ದರೆ ಇದು ಬೇಕೇ ಬೇಕು.

ಹೊಸ ಎನ್‌ವಿಎಂಇ ಡಿಸ್ಕ್, ವಿಂಡೋಸ್ 11 ಇರುವ ಮಷೀನ್‌ನಲ್ಲಿ ಇನ್‌ಸ್ಟಾಲ್ ಕೊನೇ ಹಂತಕ್ಕೆ ಬಂದು, ಡೇಟಾಬೇಸ್ ಎಂಜಿನ್ ರಿಕವರಿ ಹ್ಯಾಂಡಲ್ ಫೇಲ್ ಅಂತ ನಿಂತರೆ ಡಿಸ್ಕಿನ ಸೆಕ್ಟರ್ ಸೈಜ್ ನೋಡಿ. ಎಸ್‌ಕ್ಯೂಎಲ್ ಸರ್ವರ್ 512 ಬೈಟ್ ಮತ್ತು 4096 ಬೈಟ್ ಸೆಕ್ಟರ್‌ಗಳನ್ನು ಮಾತ್ರ ಒಪ್ಪುತ್ತದೆ. ಕೆಲವು ಡಿಸ್ಕ್‌ಗಳು ಅದಕ್ಕಿಂತ ದೊಡ್ಡದನ್ನು ಹೇಳುತ್ತವೆ. ಇದಕ್ಕೆ ರಿಜಿಸ್ಟ್ರಿಯಲ್ಲಿ ಒಂದು ಸಾಲು ಸೇರಿಸುವ ಪರಿಹಾರವನ್ನು ಮೈಕ್ರೋಸಾಫ್ಟೇ ಕೊಟ್ಟಿದೆ. ಗೊತ್ತಿಲ್ಲದಿದ್ದರೆ ಇಡೀ ಭಾನುವಾರ ಅನ್‌ಇನ್‌ಸ್ಟಾಲ್, ರೀಇನ್‌ಸ್ಟಾಲ್‌ನಲ್ಲೇ ಕಳೆಯುತ್ತದೆ.

ಎಕ್ಸ್‌ಪ್ರೆಸ್ ಹಾಕಿದಾಗ ನೆಟ್‌ವರ್ಕ್ ಬಾಗಿಲು ಮುಚ್ಚಿರುತ್ತದೆ. ಕಾನ್ಫಿಗರೇಷನ್ ಮ್ಯಾನೇಜರ್‌ನಲ್ಲಿ ಪ್ರೋಟೋಕಾಲ್ಸ್‌ಗೆ ಹೋಗಿ ಟಿಸಿಪಿ/ಐಪಿ ಎನೇಬಲ್ ಮಾಡಿ. ಅದರ ಪ್ರಾಪರ್ಟೀಸ್‌ನಲ್ಲಿ ಐಪಿ ಅಡ್ರೆಸಸ್ ಟ್ಯಾಬ್‌ನ ಕೊನೆಗೆ ಐಪಿ ಆಲ್ ಅಂತ ಇದೆ. ಅಲ್ಲಿ ಡೈನಾಮಿಕ್ ಪೋರ್ಟ್ ಎದುರಿಗಿರುವುದನ್ನು ಅಳಿಸಿ, ಕೆಳಗೆ 1433 ಅಂತ ಹಾಕಿ, ಸರ್ವಿಸ್ ರೀಸ್ಟಾರ್ಟ್ ಮಾಡಿ. ಫೈರ್‌ವಾಲ್‌ನಲ್ಲಿ ಟಿಸಿಪಿ 1433 ತೆರೆಯಿರಿ, ಪ್ರೈವೇಟ್ ನೆಟ್‌ವರ್ಕ್‌ಗೆ ಮಾತ್ರ. ಆಮೇಲೆ ವಿಂಡೋಸ್ ನಿಮ್ಮ ಆಫೀಸ್ ನೆಟ್‌ವರ್ಕನ್ನು ಪಬ್ಲಿಕ್ ಅಂತ ತಿಳಿದುಕೊಂಡಿದೆಯಾ ನೋಡಿ. ಹಾಗಿದ್ದರೆ ನೀವು ಹಾಕಿದ ರೂಲ್ ಕೆಲಸವೇ ಮಾಡುವುದಿಲ್ಲ. ಹೊಸ ಮಷೀನ್‌ನಲ್ಲಿ ಇದು ತುಂಬಾ ಸಾಮಾನ್ಯ.

ಹೊರಗಡೆ ಇರುವ ಸೇಲ್ಸ್‌ನವರಿಗೆ ಬೇಕು ಅಂತ ರೂಟರ್‌ನಲ್ಲಿ ಈ ಪೋರ್ಟನ್ನು ಇಂಟರ್ನೆಟ್‌ಗೆ ಮಾತ್ರ ಬಿಡಬೇಡಿ. ತೆರೆದ 1433 ಹುಡುಕಿಕೊಂಡು ಎಲ್ಲ ಅಧಿಕಾರ ಇರುವ 'ಎಸ್‌ಎ' ಅನ್ನುವ ಯೂಸರ್‌ಗೆ ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಂಗಳು ಹಗಲು ರಾತ್ರಿ ಓಡುತ್ತಿರುತ್ತವೆ. ಅವರಿಗೆ ವಿಪಿಎನ್ ಕೊಡಿ.

ಸಾಗಿಸುವ ದಿನ

ದಿನ ಆರಿಸುವಾಗ ಅಕೌಂಟ್ಸ್‌ನವರ ಕ್ಯಾಲೆಂಡರ್ ನೋಡಿ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಆ ಸುತ್ತಮುತ್ತ ಬೇಡ. ಶನಿವಾರ ಸಂಜೆ ಒಳ್ಳೆಯದು, ಭಾನುವಾರ ಕೈಯಲ್ಲಿ ಉಳಿಯುತ್ತದೆ. ಬೆಂಗಳೂರಿನಲ್ಲಿದ್ದರೆ ಬೆಸ್ಕಾಂನ ವಿದ್ಯುತ್ ವ್ಯತ್ಯಯದ ಪ್ರಕಟಣೆಯನ್ನೂ ಒಮ್ಮೆ ನೋಡಿ.

ಮೊದಲು ಹಳೇ ಡೇಟಾಬೇಸ್‌ಗೆ ಆರೋಗ್ಯ ತಪಾಸಣೆ. ನ್ಯೂ ಕ್ವೆರಿ ತೆರೆದು ಡಿಬಿಸಿಸಿ ಚೆಕ್‌ಡಿಬಿ ಓಡಿಸಿ. ಕೊನೇ ಸಾಲುಗಳಲ್ಲಿ ಸೊನ್ನೆ ಅಲೊಕೇಷನ್ ಎರರ್, ಸೊನ್ನೆ ಕನ್ಸಿಸ್ಟೆನ್ಸಿ ಎರರ್ ಅಂತ ಬರಬೇಕು. ಇದನ್ನು ವಾರ ಮುಂಚೆ ಒಮ್ಮೆ ಮಾಡಿದ್ದರೆ ಇನ್ನೂ ವಾಸಿ. ಡಿಸ್ಕ್ ಹಾಳಾಗುತ್ತಿದೆ ಅಂತಲೇ ಸಾಗಿಸುತ್ತಿದ್ದರೆ ಬಿಟ್ಟು ಮುಂದೆ ಹೋಗಲೇಬಾರದು, ಯಾಕೆಂದರೆ ಒಳಗಿನ ಕೊಳೆತವನ್ನು ಬ್ಯಾಕಪ್ ಹಾಗೇ ಹೊತ್ತು ತರುತ್ತದೆ.

ಎಲ್ಲರನ್ನೂ ಸಾಫ್ಟ್‌ವೇರ್ ಮುಚ್ಚಿ ಅಂತ ಹೇಳಿ. ಆಮೇಲೆ ಆಕ್ಟಿವಿಟಿ ಮಾನಿಟರ್‌ನಲ್ಲಿ ನೋಡಿ. ಹೇಳಿದ ಮೇಲೂ ಯಾರದೋ ಲ್ಯಾಪ್‌ಟಾಪ್ ತೆರೆದೇ ಇರುತ್ತದೆ. ಎಲ್ಲ ಖಾಲಿಯಾದ ಮೇಲೆ ಡೇಟಾಬೇಸ್‌ನ ಪ್ರಾಪರ್ಟೀಸ್, ಆಪ್ಷನ್ಸ್‌ನಲ್ಲಿ ರೀಡ್ ಓನ್ಲಿ ಟ್ರೂ ಮಾಡಿ. ಇನ್ನು ಮೇಲೆ ಹಳೆಯದರಲ್ಲಿ ಯಾರೂ ಏನೂ ಬರೆಯಲಾರರು. ಈಗ ಡೇಟಾಬೇಸ್ ಮೇಲೆ ರೈಟ್ ಕ್ಲಿಕ್, ಟಾಸ್ಕ್ಸ್, ಬ್ಯಾಕ್ ಅಪ್. ಫುಲ್ ಬ್ಯಾಕಪ್ ಇರಲಿ. ಮೀಡಿಯಾ ಆಪ್ಷನ್ಸ್‌ನಲ್ಲಿ ವೆರಿಫೈ ಮತ್ತು ಚೆಕ್‌ಸಮ್ ಎರಡಕ್ಕೂ ಟಿಕ್ ಹಾಕಿ.

ಬ್ಯಾಕಪ್ ಎಲ್ಲಿ ಉಳಿಸಬೇಕು ಅಂತ ಕೇಳುವಾಗ ಬರುವ ಡ್ರೈವ್‌ಗಳು ಸರ್ವರ್‌ನವು, ನೀವು ಕೂತಿರುವ ಕಂಪ್ಯೂಟರ್‌ನವಲ್ಲ. ಬರೆಯುವುದೂ ನೀವಲ್ಲ, ಎಸ್‌ಕ್ಯೂಎಲ್ ಸರ್ವಿಸ್‌ನ ಅಕೌಂಟ್. ಅದಕ್ಕೇ ಡೆಸ್ಕ್‌ಟಾಪ್‌ಗೆ ಕೊಟ್ಟರೆ ಆಕ್ಸೆಸ್ ಡಿನೈಡ್ ಅನ್ನುವುದು. ಅದು ತಾನಾಗಿ ತೋರಿಸುವ ಬ್ಯಾಕಪ್ ಫೋಲ್ಡರ್‌ಗೇ ಕೊಟ್ಟು, ಆಮೇಲೆ ಫೈಲನ್ನು ಕಾಪಿ ಮಾಡಿಕೊಳ್ಳಿ.

'ಡಿಟ್ಯಾಚ್ ಮಾಡಿ ಎಂಡಿಎಫ್ ಡೇಟಾ ಫೈಲ್ ಕಾಪಿ ಮಾಡಿ ಅಟ್ಯಾಚ್ ಮಾಡಿದರಾಯ್ತು' ಅಂತ ಹೇಳುವವರಿದ್ದಾರೆ. ಆಗುತ್ತದೆ. ಆದರೆ ನಾನು ಹೇಳುವುದು ಬ್ಯಾಕಪ್ಪೇ. ಡಿಟ್ಯಾಚ್ ಮಾಡಿದ ಕ್ಷಣ ಹಳೇ ಸರ್ವರ್‌ನಲ್ಲಿ ಡೇಟಾಬೇಸ್ ಇರುವುದಿಲ್ಲ, ಫೈಲಿನ ಪರ್ಮಿಷನ್ ಕೂಡ ಬದಲಾಗಿರುತ್ತದೆ. ಹೊಸ ಕಡೆ ಏನಾದರೂ ತಕರಾರು ಬಂದರೆ ರಾತ್ರಿ ಹೊತ್ತು ಎರಡೂ ಕಡೆ ಏನೂ ಇಲ್ಲ. ಬ್ಯಾಕಪ್ ದಾರಿಯಲ್ಲಿ ಹಳೆಯದು ಹಾಗೇ ನಿಂತಿರುತ್ತದೆ.

ಹೊಸ ಸರ್ವರ್‌ನಲ್ಲಿ ಡೇಟಾಬೇಸಸ್ ಮೇಲೆ ರೈಟ್ ಕ್ಲಿಕ್, ರಿಸ್ಟೋರ್ ಡೇಟಾಬೇಸ್, ಡಿವೈಸ್, ಬ್ಯಾಕಪ್ ಫೈಲ್ ಆರಿಸಿ. ಓಕೆ ಒತ್ತುವ ಮೊದಲು ಫೈಲ್ಸ್ ಪುಟಕ್ಕೆ ಹೋಗಿ. ಹಳೇ ಮಷೀನ್‌ನ ಫೋಲ್ಡರ್ ಹೆಸರೇ ಅಲ್ಲಿರಬಹುದು, ಹೊಸದರಲ್ಲಿ ಆ ಫೋಲ್ಡರ್ ಇಲ್ಲದಿದ್ದರೆ ರಿಸ್ಟೋರ್ ನಿಲ್ಲುತ್ತದೆ. ರೀಲೊಕೇಟ್ ಆಲ್ ಫೈಲ್ಸ್‌ಗೆ ಟಿಕ್ ಹಾಕಿ ಹೊಸ ಜಾಗ ಕೊಡಿ. ಒನ್‌ಡ್ರೈವ್, ಗೂಗಲ್ ಡ್ರೈವ್‌ನಂಥ ಸಿಂಕ್ ಆಗುವ ಫೋಲ್ಡರ್ ಮಾತ್ರ ಬೇಡವೇ ಬೇಡ.

ಮುಗಿದ ಮೇಲೆ ಮೂರು ಸೆಟ್ಟಿಂಗ್. ಹಳೆಯದನ್ನು ರೀಡ್ ಓನ್ಲಿ ಮಾಡಿದ್ದಿರಲ್ಲ, ಬ್ಯಾಕಪ್‌ನಲ್ಲಿ ಅದೂ ಬಂದಿದೆ. ಹೊಸದರಲ್ಲಿ ಫಾಲ್ಸ್ ಮಾಡಿ. ಆಟೋ ಕ್ಲೋಸ್ ಟ್ರೂ ಇದ್ದರೆ ಅದನ್ನೂ ಫಾಲ್ಸ್ ಮಾಡಿ. ಎಕ್ಸ್‌ಪ್ರೆಸ್‌ನಲ್ಲಿ ಹುಟ್ಟಿದ ಡೇಟಾಬೇಸ್‌ಗಳಿಗೆ ಈ ಅಭ್ಯಾಸ ಜಾಸ್ತಿ, ಬೆಳಿಗ್ಗೆ ಮೊದಲು ತೆರೆದವರಿಗೆ ನಿಧಾನ ಅನ್ನಿಸುವುದು ಇದರಿಂದಲೂ. ಪ್ರಾಪರ್ಟೀಸ್‌ನ ಫೈಲ್ಸ್ ಪುಟದಲ್ಲಿ ಓನರ್ ಖಾಲಿ ಇದ್ದರೆ ಎಸ್‌ಎ ಅಂತ ಹಾಕಿ. ಆಮೇಲೆ ಎರಡೂ ಸರ್ವರ್‌ನಲ್ಲಿ ಡೇಟಾಬೇಸ್ ಮೇಲೆ ರೈಟ್ ಕ್ಲಿಕ್, ರಿಪೋರ್ಟ್ಸ್, ಸ್ಟ್ಯಾಂಡರ್ಡ್ ರಿಪೋರ್ಟ್ಸ್, ಡಿಸ್ಕ್ ಯೂಸೇಜ್ ಬೈ ಟಾಪ್ ಟೇಬಲ್ಸ್ ತೆರೆದು ಸಾಲುಗಳ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿ.

ಬರೀ ಸಿ ಡ್ರೈವ್ ತುಂಬಿದೆ, ಅದೇ ಮಷೀನ್‌ನ ಡಿ ಡ್ರೈವ್‌ಗೆ ಹಾಕಬೇಕು ಅನ್ನುವವರಿಗೆ ಇಷ್ಟೆಲ್ಲ ಬೇಡ. ಹೊಸ ಜಾಗ ಯಾವುದು ಅಂತ ಆಲ್ಟರ್ ಡೇಟಾಬೇಸ್ ಕಮಾಂಡ್‌ನ ಮಾಡಿಫೈ ಫೈಲ್‌ನಲ್ಲಿ ಹೇಳಿ, ಡೇಟಾಬೇಸ್ ಆಫ್‌ಲೈನ್ ಮಾಡಿ, ಎಂಡಿಎಫ್ (ಡೇಟಾ) ಮತ್ತು ಎಲ್‌ಡಿಎಫ್ (ಲಾಗ್) ಫೈಲ್ ಸಾಗಿಸಿ, ಆ ಫೋಲ್ಡರ್‌ಗೆ ಎಸ್‌ಕ್ಯೂಎಲ್ ಸರ್ವಿಸ್ ಅಕೌಂಟ್‌ಗೆ ಫುಲ್ ಕಂಟ್ರೋಲ್ ಕೊಟ್ಟು ಆನ್‌ಲೈನ್ ಮಾಡಿ. ಲಾಗಿನ್, ಹೆಸರು ಯಾವುದೂ ಬದಲಾಗುವುದಿಲ್ಲ. ಮೊದಲು ಬ್ಯಾಕಪ್ ಮಾತ್ರ ತೆಗೆದಿರಿ.

ಲಾಗಿನ್ ಫೇಲ್ಡ್

ಡೇಟಾ ಬಂತು, ಸಾಫ್ಟ್‌ವೇರ್ ತೆರೆದರೆ 'ಲಾಗಿನ್ ಫೇಲ್ಡ್ ಫಾರ್ ಯೂಸರ್', ಎರರ್ 18456. ಎಸ್‌ಕ್ಯೂಎಲ್‌ನಲ್ಲಿ ಎರಡು ಹಂತ ಇವೆ. ಸರ್ವರ್ ಮಟ್ಟದಲ್ಲಿ ಲಾಗಿನ್, ಡೇಟಾಬೇಸ್ ಮಟ್ಟದಲ್ಲಿ ಯೂಸರ್. ಬ್ಯಾಕಪ್‌ನಲ್ಲಿ ಯೂಸರ್ ಬರುತ್ತದೆ, ಲಾಗಿನ್ ಬರುವುದಿಲ್ಲ. ಮನೆ ಶಿಫ್ಟ್ ಮಾಡಿದಾಗ ಬೀರು ಬಂದು ಬೀಗದ ಕೈ ಹಳೇ ಮನೆಯಲ್ಲೇ ಉಳಿದ ಹಾಗೆ.

ಸರಿ, ಹೊಸ ಸರ್ವರ್‌ನಲ್ಲಿ ಅದೇ ಹೆಸರಿನ ಲಾಗಿನ್ ಮಾಡಿ, ಯೂಸರ್ ಮ್ಯಾಪಿಂಗ್‌ನಲ್ಲಿ ಡೇಟಾಬೇಸ್‌ಗೆ ಟಿಕ್ ಹಾಕುತ್ತೀರಿ. ಆಗ ಎರರ್ 15023: ಈ ಯೂಸರ್ ಆಗಲೇ ಇದ್ದಾನೆ. ಯಾಕೆಂದರೆ ಇಬ್ಬರನ್ನೂ ಜೋಡಿಸುವುದು ಹೆಸರಲ್ಲ, ಒಳಗಿನ ಎಸ್‌ಐಡಿ ಅನ್ನುವ ಗುರುತು. ಹೊಸ ಲಾಗಿನ್‌ಗೆ ಹೊಸ ಎಸ್‌ಐಡಿ ಬಂದಿದೆ, ಡೇಟಾಬೇಸ್ ಒಳಗಿನ ಯೂಸರ್ ಹಳೆಯದನ್ನೇ ಹಿಡಿದುಕೊಂಡಿದ್ದಾನೆ. ಆ ಯೂಸರನ್ನು ಡಿಲೀಟ್ ಮಾಡಬೇಡಿ, ಅವನಿಗೆ ಕೊಟ್ಟ ಪರ್ಮಿಷನ್‌ಗಳೆಲ್ಲ ಹೋಗುತ್ತವೆ. ಡೇಟಾಬೇಸ್ ಒಳಗೆ ಆಲ್ಟರ್ ಯೂಸರ್ ಕಮಾಂಡ್ ಕೊಟ್ಟು, ವಿತ್ ಲಾಗಿನ್ ಅಂತ ಹೊಸ ಲಾಗಿನ್ ಹೆಸರು ಹೇಳಿದರೆ ಎರಡೂ ಜೋಡಿಯಾಗುತ್ತವೆ. ಒಂದು ಯೂಸರ್‌ಗೆ ಒಂದು ಸಾಲು. ಲಾಗಿನ್‌ಗಳು ತುಂಬಾ ಇದ್ದರೆ, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲದಿದ್ದರೆ, ಎಸ್‌ಪಿ ಹೆಲ್ಪ್ ರೆವ್‌ಲಾಗಿನ್ ಅನ್ನುವ ಮೈಕ್ರೋಸಾಫ್ಟ್‌ನದೇ ಸ್ಕ್ರಿಪ್ಟ್ ಇದೆ. ಎಸ್‌ಐಡಿ, ಪಾಸ್‌ವರ್ಡ್ ಹ್ಯಾಶ್ ಸಮೇತ ಲಾಗಿನ್‌ಗಳನ್ನು ಬರೆದುಕೊಡುತ್ತದೆ.

18456 ಎರರ್‌ಗೆ ಇನ್ನೂ ಕಾರಣಗಳಿವೆ. ಯೂಸರ್ ಪರದೆಯಲ್ಲಿ ಯಾವಾಗಲೂ ಸ್ಟೇಟ್ 1 ಅಂತಲೇ ಬರುತ್ತದೆ, ಬೇಕೆಂದೇ ಹಾಗೆ ಮುಚ್ಚಿಟ್ಟಿದ್ದಾರೆ. ನಿಜವಾದ ನಂಬರ್ ಸರ್ವರ್‌ನ ಲಾಗ್‌ನಲ್ಲಿದೆ: ಮ್ಯಾನೇಜ್‌ಮೆಂಟ್, ಎಸ್‌ಕ್ಯೂಎಲ್ ಸರ್ವರ್ ಲಾಗ್ಸ್. ಅಲ್ಲಿ 5 ಇದ್ದರೆ ಆ ಹೆಸರಿನ ಲಾಗಿನ್ ಇಲ್ಲ. 8 ಇದ್ದರೆ ಪಾಸ್‌ವರ್ಡ್ ತಪ್ಪು. 58 ಇದ್ದರೆ ಮಿಕ್ಸೆಡ್ ಮೋಡ್ ಆನ್ ಮಾಡಿಲ್ಲ.

ಡೊಮೈನ್ (ಎಲ್ಲರ ವಿಂಡೋಸ್ ಲಾಗಿನ್ ಒಂದೇ ಕಡೆ ಇಡುವ ಏರ್ಪಾಡು) ಇಲ್ಲದ ಆಫೀಸಿನಲ್ಲಿ ವಿಂಡೋಸ್ ಲಾಗಿನ್‌ನಿಂದಲೇ ಒಳಗೆ ಬರುತ್ತಿದ್ದವರಿಗೆ ಹೊಸ ಮಷೀನ್‌ನಲ್ಲೂ ಅದೇ ಹೆಸರು, ಅದೇ ಪಾಸ್‌ವರ್ಡ್‌ನ ವಿಂಡೋಸ್ ಅಕೌಂಟ್ ಮಾಡಿ, ಅದಕ್ಕೆ ಎಸ್‌ಕ್ಯೂಎಲ್‌ನಲ್ಲಿ ಜಾಗ ಕೊಡಬೇಕು. ಸಣ್ಣ ಆಫೀಸಿಗೆ ಎಸ್‌ಕ್ಯೂಎಲ್ ಲಾಗಿನ್ನೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಎಲ್ಲರಿಗೂ ಎಸ್‌ಎ ಕೊಟ್ಟುಬಿಡುವುದು ಮಾತ್ರ ಬೇಡ, ಎಷ್ಟೇ ತಡವಾಗಿದ್ದರೂ.

ಪ್ರತಿ ಕಂಪ್ಯೂಟರ್‌ಗೂ ಹೊಸ ದಾರಿ

ಎರಡು ಆಯ್ಕೆ ಇವೆ. ಹಳೇ ಮಷೀನ್‌ನ ಹೆಸರು, ಐಪಿ ಎರಡನ್ನೂ ಹೊಸದಕ್ಕೆ ಕೊಡುವುದು ಒಂದು. ಹಳೆಯದಕ್ಕೆ ಮೊದಲು ಬೇರೆ ಹೆಸರಿಟ್ಟು, ಹೊಸದಕ್ಕೆ ಹಳೇ ಹೆಸರು ಹಾಕಿ, ಆಮೇಲೆ ಎಸ್‌ಕ್ಯೂಎಲ್ ಇನ್‌ಸ್ಟಾಲ್. ಇನ್‌ಸ್ಟನ್ಸ್ ಹೆಸರೂ (ಇನ್‌ಸ್ಟಾಲ್ ಮಾಡುವಾಗ ಎಸ್‌ಕ್ಯೂಎಲ್‌ಗೆ ಕೊಡುವ ಹೆಸರು) ಅದೇ ಇದ್ದರೆ ಕ್ಲೈಂಟ್‌ಗಳಿಗೆ ಬದಲಾವಣೆಯೇ ಗೊತ್ತಾಗುವುದಿಲ್ಲ. ಆದರೆ ಇನ್‌ಸ್ಟನ್ಸ್ ಹೆಸರು ಹಿಡಿದು ಬರುವವರಿಗೆ ಎಸ್‌ಕ್ಯೂಎಲ್ ಬ್ರೌಸರ್ ಸರ್ವಿಸ್ ಓಡುತ್ತಿರಬೇಕು, ಯುಡಿಪಿ 1434 ತೆರೆದಿರಬೇಕು. ತೊಂದರೆ ಏನೆಂದರೆ ಎರಡು ಮಷೀನ್‌ಗಳನ್ನು ಪಕ್ಕಪಕ್ಕ ಓಡಿಸಿ ನೋಡಲು ಆಗುವುದಿಲ್ಲ.

ನನಗೆ ಇಷ್ಟ ಎರಡನೆಯದು: ಮಷೀನ್ ಹೆಸರನ್ನೇ ಬಳಸದೆ ಒಂದು ಅಡ್ಡಹೆಸರು ಕೊಡುವುದು. ಡೊಮೈನ್ ಇದ್ದರೆ ಡಿಎನ್‌ಎಸ್‌ನಲ್ಲಿ, ಇಲ್ಲದಿದ್ದರೆ ಪ್ರತಿ ಕಂಪ್ಯೂಟರ್‌ನ ಹೋಸ್ಟ್ಸ್ ಫೈಲಿನಲ್ಲಿ ಒಂದು ಸಾಲು. ಎಲ್ಲ ಸಾಫ್ಟ್‌ವೇರ್‌ನಲ್ಲೂ ಆ ಅಡ್ಡಹೆಸರು, ಅಲ್ಪವಿರಾಮ, 1433 ಅಂತ ಬರೆಯಿರಿ. ಪೋರ್ಟ್ ಮುಂದೆ ಕೋಲನ್ ಅಲ್ಲ, ಕಾಮಾ. ಮುಂದಿನ ಸಲ ಸರ್ವರ್ ಬದಲಾದಾಗ ಆ ಅಡ್ಡಹೆಸರು ತೋರಿಸುವ ಐಪಿ ಮಾತ್ರ ಬದಲಿಸಿದರೆ ಆಯಿತು.

ಎಕ್ಸೆಲ್‌ನಲ್ಲಿ ಡೇಟಾ ಟ್ಯಾಬ್‌ನ ಕ್ವೆರೀಸ್ ಅಂಡ್ ಕನೆಕ್ಷನ್ಸ್‌ನಿಂದ ಪ್ರಾಪರ್ಟೀಸ್, ಪವರ್ ಕ್ವೆರಿ ಆಗಿದ್ದರೆ ಡೇಟಾ ಸೋರ್ಸ್ ಸೆಟ್ಟಿಂಗ್ಸ್. ಆಕ್ಸೆಸ್‌ನಲ್ಲಿ ಲಿಂಕ್ಡ್ ಟೇಬಲ್ ಮ್ಯಾನೇಜರ್. ಹೊಸ ಒಡಿಬಿಸಿ ಡ್ರೈವರ್ 18 ಹಾಕಿದ ಕಂಪ್ಯೂಟರ್‌ಗಳಲ್ಲಿ ಸರ್ಟಿಫಿಕೇಟ್ ನಂಬಲರ್ಹವಲ್ಲ ಅನ್ನುವ ಎರರ್ ಬರುತ್ತದೆ, ಯಾಕೆಂದರೆ ಅದು ಹೇಳದೆಯೇ ಎನ್‌ಕ್ರಿಪ್ಷನ್ ಕೇಳುತ್ತದೆ. ಹೊಸ ಮ್ಯಾನೇಜ್‌ಮೆಂಟ್ ಸ್ಟುಡಿಯೋ ಕೂಡ ಹಾಗೇ. ಆಫೀಸಿನ ಒಳಗಿನ ನೆಟ್‌ವರ್ಕ್‌ನಲ್ಲಿ ಟ್ರಸ್ಟ್ ಸರ್ವರ್ ಸರ್ಟಿಫಿಕೇಟ್‌ಗೆ ಟಿಕ್ ಹಾಕಿ ಮುಂದೆ ಹೋಗಬಹುದು.

ಮೊದಲು ಬರೆದಿಟ್ಟ ಪಟ್ಟಿ ಹಿಡಿದು ಒಂದೊಂದನ್ನೂ ತೆರೆದು ನೋಡಿ. ತೆರೆದರೆ ಸಾಲದು. ಒಂದು ಹೊಸ ಕಾಂಟ್ಯಾಕ್ಟ್ ಕನ್ನಡದಲ್ಲಿ ಸೇರಿಸಿ, ಇನ್ನೊಂದು ಕಂಪ್ಯೂಟರ್‌ನಲ್ಲಿ ಅದನ್ನು ಹುಡುಕಿ, ಲೇಬಲ್ ಪ್ರಿಂಟ್ ತೆಗೆದು, ಆಮೇಲೆ ಅಳಿಸಿ.

ಔಟ್‌ಲುಕ್‌ನ ಬಿಸಿನೆಸ್ ಕಾಂಟ್ಯಾಕ್ಟ್ ಮ್ಯಾನೇಜರ್ ಇನ್ನೂ ಇಟ್ಟುಕೊಂಡವರು ಅಲ್ಲಲ್ಲಿ ಇದ್ದಾರೆ. ಅದರ ಒಳಗೂ ಎಸ್‌ಕ್ಯೂಎಲ್ ಎಕ್ಸ್‌ಪ್ರೆಸ್ಸೇ ಇರುವುದು. ಆದರೆ ಅದಕ್ಕೆ ತನ್ನದೇ ಬ್ಯಾಕಪ್ ಮೆನು ಇದೆ, ಎಸ್‌ಬಿಬಿ ಫೈಲ್ ಕೊಡುತ್ತದೆ, ಅದನ್ನೇ ಬಳಸಿ. ಔಟ್‌ಲುಕ್ 2016ರಿಂದ ಈಚೆಗೆ ಅದು ಕೆಲಸ ಮಾಡುವುದಿಲ್ಲ. ಹೊಸ ಸರ್ವರ್‌ಗೆ ಎತ್ತಿಡುವ ಬದಲು ಕಾಂಟ್ಯಾಕ್ಟ್‌ಗಳನ್ನು ಸಿಎಸ್‌ವಿಗೆ ತೆಗೆದು ಬೇರೆ ಸಾಫ್ಟ್‌ವೇರ್‌ಗೆ ಹೋಗುವುದೇ ಸರಿ. ಸಿಎಸ್‌ವಿಯನ್ನು ಎಕ್ಸೆಲ್‌ನಿಂದ ಸೇವ್ ಮಾಡುವಾಗ ಯುಟಿಎಫ್-8 ಅಂತ ಇರುವುದನ್ನೇ ಆರಿಸಿ, ಇಲ್ಲದಿದ್ದರೆ ಕನ್ನಡ ಹೋಯಿತು.

ಸೋಮವಾರದ ನಂತರ

ಹಳೇ ಮಷೀನ್‌ನಲ್ಲಿ ಡೇಟಾಬೇಸನ್ನು ರೀಡ್ ಓನ್ಲಿಯಲ್ಲೇ ಬಿಟ್ಟರೆ ಸಾಕಲ್ವಾ ಅನ್ನಿಸಬಹುದು. ಸಾಲದು. ದಾರಿ ಬದಲಿಸದೆ ಉಳಿದ ಯಾವುದೋ ಎಕ್ಸೆಲ್ ಸದ್ದಿಲ್ಲದೆ ಹಳೇ ಡೇಟಾ ತೋರಿಸುತ್ತಾ ಕೂರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹಳೇ ಎಸ್‌ಕ್ಯೂಎಲ್ ಸರ್ವಿಸ್ ನಿಲ್ಲಿಸಿ, ಸ್ಟಾರ್ಟಪ್ ಡಿಸೇಬಲ್ಡ್ ಮಾಡಿ. ಬಿಟ್ಟುಹೋದವರಿಗೆ ಎರರ್ ಬರುತ್ತದೆ, ಅವರು ನಿಮಗೆ ಫೋನ್ ಮಾಡುತ್ತಾರೆ, ನೀವು ಸರಿಮಾಡುತ್ತೀರಿ. ಮಷೀನನ್ನು ಒಂದು ಪೂರ್ತಿ ತಿಂಗಳು ಕಳೆಯುವವರೆಗೆ ಹಾಗೇ ಇಡಿ, ಆ ತಿಂಗಳಿಗೊಮ್ಮೆ ಓಡುವ ರಿಪೋರ್ಟ್‌ಗಾಗಿ.

ಎಕ್ಸ್‌ಪ್ರೆಸ್‌ನಲ್ಲಿ ತಾನಾಗಿ ಬ್ಯಾಕಪ್ ತೆಗೆಯುವ ಏಜೆಂಟ್ ಇಲ್ಲ. ಹಳೇ ಸರ್ವರ್‌ನಲ್ಲಿ ರಾತ್ರಿ ಬ್ಯಾಕಪ್ ಆಗುತ್ತಿದ್ದರೆ ಅದು ಹೆಚ್ಚಾಗಿ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಿಂದ, ಅದು ಡೇಟಾಬೇಸ್ ಜೊತೆ ಬರುವುದಿಲ್ಲ. ಹೊಸದರಲ್ಲಿ ಎಸ್‌ಕ್ಯೂಎಲ್‌ಸಿಎಂಡಿ (ಎಸ್‌ಕ್ಯೂಎಲ್‌ಗೆ ಕಮಾಂಡ್ ಕೊಡುವ ಸಣ್ಣ ಪ್ರೋಗ್ರಾಂ) ಓಡಿಸುವ ಟಾಸ್ಕ್ ಒಂದನ್ನು ಅವತ್ತೇ ಹಾಕಿ, ಮರುದಿನ ಬೆಳಿಗ್ಗೆ ಫೈಲ್ ಬಂದಿದೆಯಾ, ಅದರ ತಾರೀಖು ಸರಿಯಿದೆಯಾ ನೋಡಿ. ಒಂದು ಪ್ರತಿ ಬೇರೆ ಡಿಸ್ಕ್‌ಗೆ ಹೋಗಬೇಕು.

ಸಾಗಿಸುವ ಗಡಿಬಿಡಿಯಲ್ಲಿ ಬ್ಯಾಕಪ್ ಫೈಲ್ ಪೆನ್ ಡ್ರೈವ್‌ನಲ್ಲಿ, ಯಾರದೋ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಉಳಿದಿರುತ್ತದೆ. ಅದಕ್ಕೆ ಪಾಸ್‌ವರ್ಡ್ ಏನೂ ಇಲ್ಲ. ಬೇರೆ ಯಾವುದೇ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ರಿಸ್ಟೋರ್ ಮಾಡಿದರೆ ನಿಮ್ಮ ಗ್ರಾಹಕರ ಪಟ್ಟಿ ಪೂರ್ತಿ ತೆರೆದುಕೊಳ್ಳುತ್ತದೆ, ಎದುರು ಪಾರ್ಟಿಯವರಿಗೆ ಇದಕ್ಕಿಂತ ಒಳ್ಳೆ ಉಡುಗೊರೆ ಇಲ್ಲ. ಜೊತೆಗೆ ಜನರ ಹೆಸರು, ಮೊಬೈಲ್ ನಂಬರ್‌ಗಳ ಹೊಣೆ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಇಟ್ಟುಕೊಂಡವರದೇ. ಆ ಪ್ರತಿಗಳನ್ನೆಲ್ಲ ಹುಡುಕಿ ಅಳಿಸಿ, ಇಟ್ಟುಕೊಳ್ಳುವುದನ್ನು ಬಿಟ್‌ಲಾಕರ್ (ಡಿಸ್ಕಿಗೇ ಬೀಗ ಹಾಕುವ ವಿಂಡೋಸ್‌ನ ಸೌಲಭ್ಯ) ಹಾಕಿದ ಡಿಸ್ಕ್‌ನಲ್ಲಿಡಿ. ಹಳೇ ಮಷೀನನ್ನು ಎಕ್ಸ್‌ಚೇಂಜ್‌ಗೆ ಅಥವಾ ಗುಜರಿಗೆ ಕೊಡುವಾಗ ಹಾರ್ಡ್‌ಡಿಸ್ಕ್ ಬಿಚ್ಚಿ ಇಟ್ಟುಕೊಂಡೇ ಕೊಡಿ. ಅದಕ್ಕೆ ನೂರಿನ್ನೂರು ಕಡಿಮೆ ಕೊಡುತ್ತಾರೆ, ಕೊಡಲಿ ಬಿಡಿ.